ನಾಯಿಯ ಜಾಯಮಾನ: ತಳಿಯದೋ, ತನ್ನದೋ?

‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬುದು ಹಳೆಯ ಗಾದೆ. ಮನುಷ್ಯರ ವಿಷಯದಲ್ಲಿ ಈ ಮಾತನ್ನು ಒಪ್ಪದವರೂ ನಾಯಿಗಳ ವಿಷಯಕ್ಕೆ ಬಂದರೆ ಥಟ್ಟನೆ ಒಪ್ಪಿಬಿಡುತ್ತಾರೆ. ಲ್ಯಾಬ್ರಡಾರ್ ಎಂದರೆ ಸಾಧು, ಡಾಬರ್‌ಮನ್ ಎಂದರೆ ಸಿಡುಕು, ಜರ್ಮನ್ ಶೆಫರ್ಡ್ ಎಂದರೆ ಜಾಣ, ಪಗ್ ಎಂದರೆ ಸೋಮಾರಿ. ಬೀದಿನಾಯಿಗೆ ಮಾತ್ರ ಯಾವ ಗುಣವನ್ನೂ ಯಾರೂ ಹಚ್ಚುವುದಿಲ್ಲ! ಮರಿ ಕೊಳ್ಳಲು ಹೊರಟವರು ಮೊದಲು ವಿಚಾರಿಸುವುದು ತಳಿಯನ್ನೇ.

ಮನೆಮಾತಾಗಿದ್ದ ಈ ನಂಬಿಕೆ 2024ರಲ್ಲಿ ಸರ್ಕಾರಿ ಕಾಗದಕ್ಕೂ ಏರಿತು. ಆ ವರ್ಷ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನೆ ಇಲಾಖೆ ರಾಜ್ಯಗಳಿಗೆ ಸುತ್ತೋಲೆ ಕಳಿಸಿ, ಪಿಟ್‌ಬುಲ್, ರಾಟ್‌ವೀಲರ್, ಕೇನ್ ಕೊರ್ಸೊ ಸೇರಿದಂತೆ 23 ತಳಿಗಳನ್ನು ಉಗ್ರ ಎಂದು ಹೆಸರಿಸಿತು. ಇವುಗಳ ಮಾರಾಟ, ಸಾಕಣೆಗೆ ಪರವಾನಗಿ ಕೊಡಬಾರದು, ಈಗಾಗಲೇ ಮನೆಗಳಲ್ಲಿ ಇರುವವಕ್ಕೆ ಸಂತಾನಹರಣ ಚಿಕಿತ್ಸೆ ಮಾಡಿಸಬೇಕು ಎಂಬುದು ಅದರ ಸಾರಾಂಶ. ಏಪ್ರಿಲ್ 10ರಂದು ಕರ್ನಾಟಕ ಹೈಕೋರ್ಟ್ ಈ ಸುತ್ತೋಲೆಯನ್ನು ರದ್ದುಪಡಿಸಿತು. ಸಂಬಂಧಪಟ್ಟವರ ಅಹವಾಲು ಕೇಳಿಲ್ಲ ಎಂಬುದು ಮುಖ್ಯ ಕಾರಣ. ಎಲ್ಲರ ಅಭಿಪ್ರಾಯ ಪಡೆದು ಹೊಸದಾಗಿ ಸುತ್ತೋಲೆ ಹೊರಡಿಸುವ ದಾರಿಯನ್ನು ನ್ಯಾಯಾಲಯ ತೆರೆದೇ ಇಟ್ಟಿತು.

ತೀರ್ಪು ಬಗೆಹರಿಸಿದ್ದು ಕ್ರಮದ ಪ್ರಶ್ನೆಯನ್ನು. ಮೂಲ ಪ್ರಶ್ನೆ ಹಾಗೆಯೇ ಉಳಿದಿದೆ. ಒಂದು ತಳಿಗೆ ಅದರದೇ ಆದ ಸ್ವಭಾವ ಇರುತ್ತದೆಯೇ? ಇದ್ದರೆ ಎಷ್ಟು? ಉತ್ತರ ಹುಡುಕಬೇಕಾದರೆ ‘ತಳಿ’ ಎಂಬುದು ಯಾವಾಗ ಹುಟ್ಟಿತು, ಹೇಗೆ ಹುಟ್ಟಿತು ಎಂಬ ಚರಿತ್ರೆಯನ್ನು ನೋಡಬೇಕು.

ಹೆಸರಿತ್ತು, ತಳಿ ಇರಲಿಲ್ಲ

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ವೀರಗಲ್ಲೊಂದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕ್ರಿ.ಶ. 949-50ರ ಈ ಕಲ್ಲಿನಲ್ಲಿ ನಾಯಿಯೊಂದು ಕಾಡುಹಂದಿಯೊಡನೆ ಸೆಣಸುವ ಚಿತ್ರವಿದೆ. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣ ಮತ್ತು ಗಂಗ ಬೂತುಗರು ಚೋಳರನ್ನು ಸೋಲಿಸಿದರು. ಅದರಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ, ಬೇಕಾದುದನ್ನು ಕೇಳಿಕೋ ಎಂದು ದೊರೆ ಹೇಳಿದ. ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಹಂದಿಯ ಮೇಲೆ ಬಿಟ್ಟಾಗ ಹಂದಿ, ಕಾಳಿ ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಂತಿತು, ಕಲ್ಲಿನ ಪೂಜೆಗೆಂದು ಭೂಮಿಯೂ ದತ್ತಿಯಾಯಿತು.

ಶಾಸನ ನಾಯಿಯ ಹೆಸರನ್ನು ಹೇಳುತ್ತದೆ, ಅದು ಮಾಡಿದ ಕಾಳಗವನ್ನು ಹೇಳುತ್ತದೆ. ತಳಿ ಯಾವುದೆಂಬ ಮಾತೇ ಅಲ್ಲಿಲ್ಲ. ಮೆಚ್ಚುಗೆ ಸಂದದ್ದು ಕಾಳಿಗೆ, ಕಾಳಿಯ ಕುಲಕ್ಕಲ್ಲ.

ಯೂರೋಪಿನಲ್ಲಿಯೂ ಸ್ಥಿತಿ ಬಹುಕಾಲ ಹೀಗೆಯೇ ಇತ್ತು. ಇಂಗ್ಲೆಂಡಿನ ವೈದ್ಯ ಜಾನ್ ಕೀಸ್ 1570ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಬ್ರಿಟನ್ನಿನ ನಾಯಿಗಳ ಮೇಲೆ ಒಂದು ಚಿಕ್ಕ ಪುಸ್ತಕ ಬರೆದ. ಅಲ್ಲಿ ನಾಯಿಗಳನ್ನು ವಿಂಗಡಿಸಿರುವುದು ಕೆಲಸದ ಮೇಲೆ: ಬೇಟೆಯವು, ಕುರಿ ಕಾಯುವವು, ಮನೆ ಕಾಯುವವು, ಒಡತಿಯರ ತೊಡೆಯ ಮೇಲೆ ಕೂರುವವು. ಕೆಲಸ ಚೆನ್ನಾಗಿ ಮಾಡುವ ಗಂಡನ್ನು ಅದೇ ಕೆಲಸ ಮಾಡುವ ಹೆಣ್ಣಿಗೆ ಕೂಡಿಸುತ್ತಿದ್ದರು. ಬಣ್ಣ, ಕಿವಿ, ಬಾಲ ಹೇಗಿದ್ದರೂ ನಡೆಯುತ್ತಿತ್ತು.

ಪ್ರದರ್ಶನದ ಕಾಲ

ಚಿತ್ರ ಬದಲಾದದ್ದು 19ನೇ ಶತಮಾನದಲ್ಲಿ. 1859ರ ಜೂನ್‌ನಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದಲ್ಲಿ ನಡೆದ ನಾಯಿಗಳ ಸ್ಪರ್ಧೆಯನ್ನು ಆಧುನಿಕ ಶ್ವಾನ ಪ್ರದರ್ಶನಗಳ ಮೊದಲನೆಯದೆಂದು ಪರಿಗಣಿಸಲಾಗುತ್ತದೆ. ಸುಮಾರು 60 ನಾಯಿಗಳು ಬಂದಿದ್ದವು. ಪಾಯಿಂಟರ್ ಮತ್ತು ಸೆಟ್ಟರ್ ಎಂಬ ಎರಡೇ ಬಗೆ. 1873ರಲ್ಲಿ ಲಂಡನ್ನಿನಲ್ಲಿ ಕೆನೆಲ್ ಕ್ಲಬ್ ಸ್ಥಾಪನೆಯಾಯಿತು, ಮರುವರ್ಷ ಅದರ ವಂಶಾವಳಿ ಪುಸ್ತಕ ಹೊರಬಂತು. ಆ ಪುಸ್ತಕದಲ್ಲಿ ತಂದೆ-ತಾಯಿಯ ಹೆಸರಿದ್ದ ಮರಿ ಮಾತ್ರ ‘ಶುದ್ಧ’ ಎನಿಸಿಕೊಂಡಿತು. ತಲೆಯ ಆಕಾರ, ಕಿವಿಯ ಮಡಿಕೆ, ಕೂದಲಿನ ಬಣ್ಣ, ಎತ್ತರ ಎಲ್ಲಕ್ಕೂ ಬರಹದಲ್ಲಿ ಮಾನದಂಡ ಬಂತು. ಅದೇ ಮಾನದಂಡದಲ್ಲಿ ಸ್ವಭಾವದ ಬಗ್ಗೆಯೂ ಕೆಲವು ಸಾಲುಗಳು ಸೇರಿಕೊಂಡವು. ಇಂಥ ತಳಿ ಧೈರ್ಯಶಾಲಿ, ಇಂಥದ್ದು ಸ್ನೇಹಜೀವಿ, ಇಂಥದ್ದು ಅಪರಿಚಿತರೊಡನೆ ಬಿಗುಮಾನದ್ದು!

ಇಲ್ಲೊಂದು ಸೂಕ್ಷ್ಮವಿದೆ. ಪ್ರದರ್ಶನದ ಕಣದಲ್ಲಿ ತೀರ್ಪುಗಾರನ ಕಣ್ಣಿಗೆ ಕಿವಿ ಕಾಣುತ್ತದೆ, ಕಾಲು ಕಾಣುತ್ತದೆ. ಕುರಿ ಕಾಯುವ ಚಾತುರ್ಯ ಕಾಣುವುದಿಲ್ಲ. ಹೀಗಾಗಿ ಸುಮಾರು 150 ವರ್ಷಗಳಿಂದ ಬಹುಪಾಲು ತಳಿಗಳಲ್ಲಿ ಆಯ್ಕೆ ನಡೆದದ್ದು ಮೈಕಟ್ಟಿನ ಮೇಲೆ. ಸ್ವಭಾವದ ವರ್ಣನೆ ಕಾಗದದಲ್ಲಿ ಉಳಿಯಿತು.

ಇದಕ್ಕೆ ಅಪವಾದಗಳೂ ಉಂಟು. ಜರ್ಮನಿಯ ಅಪೋಲ್ಡಾ ಎಂಬ ಊರಿನ ತೆರಿಗೆ ವಸೂಲಿಗಾರ ಲೂಯಿ ಡಾಬರ್‌ಮನ್ ಹಣದ ಚೀಲದೊಡನೆ ಓಡಾಡಬೇಕಿತ್ತು. ಜೊತೆಗೊಂದು ಕಾವಲುನಾಯಿ ಬೇಕೆಂದು ಆತ 19ನೇ ಶತಮಾನದ ಕೊನೆಯಲ್ಲಿ ಬೆಳೆಸಿದ ನಾಯಿಗೆ ಅವನದೇ ಹೆಸರು ನಿಂತಿತು. 1899ರಲ್ಲಿ ಜರ್ಮನ್ ಶೆಫರ್ಡ್ ಸಂಘ ಕಟ್ಟಿದ ಮ್ಯಾಕ್ಸ್ ಫಾನ್ ಸ್ಟೆಫನಿಟ್ಸ್ ಕೂಡ ಚೆಲುವಿಗಿಂತ ದುಡಿಮೆಯೇ ದೊಡ್ಡದೆಂದು ವಾದಿಸಿದವನು. ಆದರೆ ಇಂಥ ತಳಿಗಳಲ್ಲಿಯೂ ಕಾಲಕ್ರಮೇಣ ದುಡಿಯುವ ವಂಶ, ಪ್ರದರ್ಶನದ ವಂಶ ಎಂದು ಕವಲೊಡೆಯಿತು.

ಪ್ರಯೋಗ ಹೇಳಿದ್ದೇನು?

ಸ್ವಭಾವ ವಂಶದಲ್ಲಿ ಇಳಿದು ಬರುವುದೇ ಇಲ್ಲ ಎನ್ನುವಂತಿಲ್ಲ. ರಷ್ಯದ ವಿಜ್ಞಾನಿ ದ್ಮಿತ್ರಿ ಬೆಲ್ಯಾಯೆವ್ 1959ರಲ್ಲಿ ಸೈಬೀರಿಯದಲ್ಲಿ ನರಿಗಳ ಮೇಲೆ ಒಂದು ಪ್ರಯೋಗ ಆರಂಭಿಸಿದ. ಪ್ರತಿ ಪೀಳಿಗೆಯಲ್ಲಿ ಮನುಷ್ಯರಿಗೆ ಅತಿ ಕಡಿಮೆ ಹೆದರುವ ನರಿಗಳನ್ನು ಮಾತ್ರ ಆರಿಸಿ ಮರಿ ಮಾಡಿಸಿದ. ಕೆಲವೇ ಪೀಳಿಗೆಗಳಲ್ಲಿ ಬಾಲ ಅಲ್ಲಾಡಿಸುತ್ತ ಹತ್ತಿರ ಬರುವ ಮರಿಗಳು ಹುಟ್ಟಿದವು. ಸ್ವಭಾವವನ್ನೇ ನೋಡಿ ಆರಿಸಿದರೆ ಸ್ವಭಾವ ಬದಲಾಗುತ್ತದೆ ಎಂಬುದು ಇದರಿಂದ ಸಿಕ್ಕ ಪಾಠ.

ಆದರೆ ಒಂದೇ ತಳಿಯ ಒಳಗೆ ನೋಡಿದರೆ ಚಿತ್ರ ಬೇರೆ. ಅಮೆರಿಕದ ಬಾರ್ ಹಾರ್ಬರ್‌ನ ಜಾಕ್ಸನ್ ಪ್ರಯೋಗಾಲಯದಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಐದು ತಳಿಗಳ ಮರಿಗಳನ್ನು ಒಂದೇ ರೀತಿ ಬೆಳೆಸಿ ವರ್ಷಗಟ್ಟಲೆ ಪರೀಕ್ಷಿಸಿದರು. 1965ರಲ್ಲಿ ಪ್ರಕಟವಾದ ಅವರ ಗ್ರಂಥದ ಪ್ರಕಾರ, ತಳಿ-ತಳಿಗಳ ನಡುವೆ ವ್ಯತ್ಯಾಸವಿದ್ದದ್ದು ನಿಜ; ಒಂದೇ ತಳಿಯ ಮರಿಗಳ ನಡುವಿನ ವ್ಯತ್ಯಾಸವೂ ದೊಡ್ಡದೇ. ಇನ್ನೊಂದು ಸಂಗತಿಯೂ ಅಲ್ಲಿ ಗೊತ್ತಾಯಿತು. ಹುಟ್ಟಿದ ಮೂರನೇ ವಾರದಿಂದ ಹನ್ನೆರಡನೇ ವಾರದವರೆಗಿನ ಅವಧಿ ನಾಯಿಯ ಬಾಳಿನಲ್ಲಿ ನಿರ್ಣಾಯಕ. ಮನುಷ್ಯರ ಸಂಪರ್ಕವೇ ಇಲ್ಲದೆ 14 ವಾರ ಬೆಳೆದ ಮರಿಗಳು, ತಳಿ ಎಷ್ಟೇ ಸಾಧುವೆನಿಸಿದ್ದರೂ, ಕಾಡುಪ್ರಾಣಿಗಳಂತೆ ಬೆದರುತ್ತಿದ್ದವು.

ಈಚಿನ ದೊಡ್ಡ ಅಧ್ಯಯನ 2022ರ ಏಪ್ರಿಲ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಅಮೆರಿಕದ ವಿಜ್ಞಾನಿ ಎಲಿನಾರ್ ಕಾರ್ಲ್‌ಸನ್ ಮತ್ತು ಸಂಗಡಿಗರು 18,385 ನಾಯಿಗಳ ನಡವಳಿಕೆಯ ವಿವರಗಳನ್ನು ಅವುಗಳ ಮಾಲೀಕರಿಂದ ಪಡೆದರು. 2,155 ನಾಯಿಗಳ ಡಿಎನ್‌ಎ ಓದಿದರು. ನಾಯಿ-ನಾಯಿಗಳ ನಡವಳಿಕೆಯಲ್ಲಿರುವ ಒಟ್ಟು ವ್ಯತ್ಯಾಸವನ್ನು ನೂರು ಪಾಲು ಮಾಡಿದರೆ, ತಳಿಯಿಂದ ವಿವರಿಸಬಹುದಾದದ್ದು ಸುಮಾರು 9 ಪಾಲು ಮಾತ್ರ! ಮನುಷ್ಯರ ಮಾತು ಕೇಳುವ ಗುಣದಲ್ಲಿ ತಳಿಯ ಪ್ರಭಾವ ಸ್ವಲ್ಪ ಹೆಚ್ಚು ಕಂಡಿತು. ಬೇಗ ಕೆರಳುವ ಗುಣಕ್ಕೂ ತಳಿಗೂ ಸಂಬಂಧ ತೀರಾ ಕಡಿಮೆ. ಊಳಿಡುವುದು ಲ್ಯಾಬ್ರಡಾರ್‌ಗಳಲ್ಲಿ ಅಪರೂಪ. ಆದರೂ ಶೇ 8ರಷ್ಟು ಮಾಲೀಕರು ತಮ್ಮ ಲ್ಯಾಬ್ರಡಾರ್ ಆಗಾಗ ಊಳಿಡುತ್ತದೆ ಎಂದರು.

ಅದೇ ವರ್ಷದ ಡಿಸೆಂಬರ್‌ನಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ನಾಣ್ಯದ ಮತ್ತೊಂದು ಮುಖ ತೋರಿಸಿತು. 4,000ಕ್ಕೂ ಹೆಚ್ಚು ನಾಯಿಗಳ ಡಿಎನ್‌ಎ ಪರಿಶೀಲಿಸಿದಾಗ, ಕುರಿ ಕಾಯುವ ನಾಯಿಗಳ ವಂಶದಲ್ಲಿ ಮಿದುಳಿನ ನರತಂತುಗಳ ಬೆಳವಣಿಗೆಗೆ ಸಂಬಂಧಿಸಿದ ವಿಶಿಷ್ಟ ಬದಲಾವಣೆಗಳು ಸಿಕ್ಕವು. ಈ ಎರಡು ಫಲಿತಾಂಶಗಳಲ್ಲಿ ವಿರೋಧವಿಲ್ಲ. ಶತಮಾನಗಳ ಕಾಲ ಒಂದೇ ಕಸುಬಿಗೆ ಆರಿಸಿದ ವಂಶದಲ್ಲಿ ಆ ಕಸುಬಿನ ಒಲವು ಉಳಿದಿರುತ್ತದೆ. ಆ ವಂಶದ ಒಂದು ನಾಯಿ ಮನೆಯಲ್ಲಿ ಹೇಗಿರುತ್ತದೆ ಎಂದು ಮೊದಲೇ ಹೇಳಲು ಅಷ್ಟು ಸಾಲದು.

ಅಳತೆಪಟ್ಟಿಯ ಕಾನೂನು

ಕಾನೂನುಗಳು ಮುಗ್ಗರಿಸಿರುವುದು ಇಲ್ಲಿಯೇ. ಬ್ರಿಟನ್ 1991ರ ಅಪಾಯಕಾರಿ ನಾಯಿಗಳ ಕಾಯ್ದೆಯಲ್ಲಿ ಪಿಟ್‌ಬುಲ್, ಜಪಾನಿನ ಟೋಸಾ ಮುಂತಾದ ನಾಲ್ಕು ಬಗೆಗಳನ್ನು ನಿಷೇಧಿಸಿತು. ಇಂಗ್ಲೆಂಡಿನಲ್ಲಿ ನಾಯಿ ಕಡಿತದಿಂದ ಆಸ್ಪತ್ರೆ ಸೇರುವವರ ಸಂಖ್ಯೆ ಮುಂದಿನ ದಶಕಗಳಲ್ಲಿ ಏರಿತೇ ಹೊರತು ಇಳಿಯಲಿಲ್ಲ. ಸರಣಿ ಸಾವುಗಳ ನಂತರ 2024ರ ಫೆಬ್ರುವರಿ 1ರಿಂದ ಎಕ್ಸ್‌ಎಲ್ ಬುಲ್ಲಿ ಎಂಬ ನಾಯಿಯನ್ನು ವಿನಾಯಿತಿ ಪತ್ರವಿಲ್ಲದೆ ಇಟ್ಟುಕೊಳ್ಳುವುದು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅಪರಾಧವಾಯಿತು. ಇದನ್ನು ಕೆನೆಲ್ ಕ್ಲಬ್ ತಳಿಯೆಂದು ಗುರುತಿಸಿಯೇ ಇಲ್ಲ. ಹಾಗಾಗಿ ಗಂಡಾದರೆ 51 ಸೆಂ.ಮೀ. ಎತ್ತರ, ಹೆಣ್ಣಾದರೆ 48 ಸೆಂ.ಮೀ., ತಲೆ ಹೀಗೆ, ಎದೆ ಹಾಗೆ ಎಂದು ಸರ್ಕಾರವೇ ಅಳತೆ ಬರೆಯಬೇಕಾಯಿತು. ಅಳತೆಪಟ್ಟಿಗೆ ಸಿಗುವುದು ಮೈಕಟ್ಟು, ಮನಸ್ಸಲ್ಲ. ನೆದರ್ಲೆಂಡ್ಸ್ 1993ರಲ್ಲಿ ತಂದ ಪಿಟ್‌ಬುಲ್ ನಿಷೇಧ ಕಡಿತವನ್ನು ತಗ್ಗಿಸಲಿಲ್ಲವೆಂದು 2008ರಲ್ಲಿ ಅದನ್ನು ಕೈಬಿಡಲು ತೀರ್ಮಾನಿಸಿತು. ಇಟಲಿ 2009ರಲ್ಲಿ ತನ್ನ ಅಪಾಯಕಾರಿ ತಳಿಗಳ ಪಟ್ಟಿಯನ್ನು ತೆಗೆದುಹಾಕಿತು.

ಹಾಗೆಂದು ನಿಷೇಧ ಬೇಕೆನ್ನುವವರ ಭಯವನ್ನು ತಳ್ಳಿಹಾಕುವಂತಿಲ್ಲ. ಪಿಟ್‌ಬುಲ್‌ನ ಪೂರ್ವಜರನ್ನು ಬೆಳೆಸಿದ್ದು ಗೂಳಿಯ ಮೇಲೆ ಬಿಡಲು, ಆ ಆಟ ಬ್ರಿಟನ್ನಿನಲ್ಲಿ 1835ರಲ್ಲಿ ನಿಷೇಧವಾದ ಮೇಲೆ ನಾಯಿಗೆ ನಾಯಿಯನ್ನೇ ಕಾದಾಡಿಸಲು. ಬಲಿಷ್ಠ ದವಡೆಯ ದೊಡ್ಡ ನಾಯಿ ಕಚ್ಚಿದರೆ ಆಗುವ ಗಾಯ ಪುಟ್ಟ ಪೊಮೆರೇನಿಯನ್ ಕಚ್ಚಿದಂತಲ್ಲ. ಮಗುವನ್ನು ಕಳೆದುಕೊಂಡ ತಂದೆ-ತಾಯಿಗೆ ಶೇಕಡಾವಾರು ಲೆಕ್ಕ ಸಮಾಧಾನ ಕೊಡದು. ಪ್ರಶ್ನೆ ಇಷ್ಟೇ: ಪಟ್ಟಿಯಲ್ಲಿಲ್ಲದ ತಳಿಯ ನಾಯಿಯನ್ನು ಸರಪಳಿಗೆ ಕಟ್ಟಿ, ಹೊಡೆದು, ಕೆರಳಿಸಿ ಬೆಳೆಸುವವನನ್ನು ಆ ಪಟ್ಟಿ ತಡೆಯುತ್ತದೆಯೇ?

ಮುಧೋಳದ ಪಾಠ

ಕರ್ನಾಟಕದ್ದೇ ಆದ ಉದಾಹರಣೆಯೂ ಇದೆ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ವಾಸನೆಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ಜಾತಿಯದು. ಸಣ್ಣ ನಡು, ಆಳವಾದ ಎದೆ, ಉದ್ದನೆಯ ಕಾಲು. ಬಯಲಿನಲ್ಲಿ ಮೊಲ ಎದ್ದರೆ ಅದರ ಬೆನ್ನು ಹತ್ತುವುದನ್ನು ಇದಕ್ಕೆ ಯಾರೂ ಕಲಿಸಬೇಕಿಲ್ಲ. ಮುಧೋಳದ ಘೋರ್ಪಡೆ ಅರಸರು ಈ ತಳಿಯನ್ನು ಪೋಷಿಸಿದರು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಅಂಚೆಚೀಟಿ ತಂದಿತು. ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಸಂಶೋಧನಾ ಕೇಂದ್ರವಿದೆ. 2016ರಲ್ಲಿ ಇಲ್ಲಿಯ ಮರಿಗಳು ಸೇನೆಯ ತರಬೇತಿಗಾಗಿ ಮೀರತ್‌ಗೆ ಹೋದವು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ನಿಂತಿತು. ಅಂದರೆ ಮುಧೋಳ ನಾಯಿಯ ಹಳೆಯ ಕಸುಬೇ ಹೋಯಿತು. ಓಟದ ಹಂಬಲ ಮಾತ್ರ ಉಳಿದಿದೆ. ನಗರದ ಎರಡು ಕೋಣೆಯ ಮನೆಯಲ್ಲಿ ದಿನವಿಡೀ ಕಟ್ಟಿಹಾಕಿದರೆ ಅದು ಸಿಡುಕುವುದು, ಚಡಪಡಿಸುವುದು ಸಹಜ. ನೋಡಿದವರು ‘ಮುಧೋಳ ಎಂದರೆ ಹೀಗೇ’ ಎನ್ನುತ್ತಾರೆ. ತಪ್ಪು ತಳಿಯದಲ್ಲ, ಅದಕ್ಕೆ ಏನು ಬೇಕೆಂದು ವಿಚಾರಿಸದೆ ತಂದವರದು.

ತಳಿಯ ಹೆಸರಿನಿಂದ ತಿಳಿಯುವುದು ಇಂಥ ಸಂಗತಿಗಳು: ಮೈ ಎಷ್ಟು ಬೆಳೆಯುತ್ತದೆ, ಎಷ್ಟು ಓಡಬೇಕು, ಕಣ್ಣು ಯಾವುದರತ್ತ ಹೊರಳುತ್ತದೆ. ಸಾಧುವೋ ಸಿಡುಕೋ, ಧೈರ್ಯವೋ ಪುಕ್ಕಲೋ ಎಂಬುದನ್ನು ಆ ಹೆಸರು ಹೇಳಲಾರದು. ಅದನ್ನು ತಿಳಿಯಲು ಮರಿಯ ತಾಯಿಯನ್ನು ನೋಡಬೇಕು, ಮೊದಲ ಹನ್ನೆರಡು ವಾರ ಅದು ಎಲ್ಲಿ, ಯಾರ ಕೈಯಲ್ಲಿ ಬೆಳೆಯಿತೆಂದು ಕೇಳಬೇಕು. ಉಳಿದದ್ದನ್ನು ಅದು ಮನೆಗೆ ಬಂದ ಮೇಲೆ ತಾನೇ ತೋರಿಸಿಕೊಡುತ್ತದೆ. ಮುಂದೆ ಬರಬಹುದಾದ ಯಾವುದೇ ಕಾನೂನು ಕೂಡ ನಾಯಿಯ ಕಿವಿ, ತಲೆ ಅಳೆಯುವುದಕ್ಕಿಂತ ಮೊದಲು ಅದರ ಹಗ್ಗ ಯಾರ ಕೈಯಲ್ಲಿದೆ ಎಂದು ನೋಡುವುದು ಒಳ್ಳೆಯದು.