ಘಟ್ಟದ ದಾರಿಯಲ್ಲಿ ಫಿರಂಗಿಗಾಡಿಗಳ ಉದ್ಧರಣ

ಯುದ್ಧಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಸೇನಾನಿಗಳ ಶೌರ್ಯವನ್ನೂ ವ್ಯೂಹಗಳ ರಚನೆಯನ್ನೂ ಸಂಧಿಪತ್ರಗಳ ನಿಬಂಧನೆಗಳನ್ನೂ ವಿಸ್ತರಿಸಿ ಹೇಳುವರು. ಕೆಸರಿನಲ್ಲಿ ಹೂತುಹೋದ ಗಾಲಿಯನ್ನು ಮೇಲೆತ್ತಿದವರಾರು, ಎತ್ತಲಾಗದೆ ಹೋದಾಗ ರಾಜ್ಯಕ್ಕೆ ಏನಾಯಿತು ಎಂಬುದನ್ನು ವಿಚಾರಿಸುವವರು ವಿರಳ. ನಮ್ಮ ನಾಡಿನ ಹದಿನೆಂಟನೆಯ ಶತಮಾನದ ಕೆಲವು ಮುಖ್ಯ ಘಟನೆಗಳಾದರೋ ಈ ಪ್ರಶ್ನೆಯನ್ನು ಬಿಟ್ಟರೆ ಸರಿಯಾಗಿ ಅರ್ಥವಾಗುವುದಿಲ್ಲವೆಂದು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶವು.

ದಕ್ಷಿಣ ಕನ್ನಡ ಜಿಲ್ಲೆಯ ಕಡಬ ತಾಲ್ಲೂಕಿನ ಗುಂಡ್ಯವು ಶಿರಾಡಿ ಘಟ್ಟದ ಬುಡದಲ್ಲಿರುವ ಒಂದು ಚಿಕ್ಕ ಊರು. ಮಂಗಳೂರಿನಿಂದ ಉಪ್ಪಿನಂಗಡಿ, ನೆಲ್ಯಾಡಿಗಳನ್ನು ದಾಟಿ ಬಂದ ದಾರಿಯು ಇಲ್ಲಿ ತಗ್ಗುನಾಡನ್ನು ಬಿಟ್ಟು, ಕೆಂಪುಹೊಳೆಯ ಕಣಿವೆಯನ್ನು ಹಿಡಿದು, ಸಕಲೇಶಪುರದ ಕಡೆಗೆ ಏರುವುದು. ಮತ್ತೊಂದು ಕವಲು ಸುಬ್ರಹ್ಮಣ್ಯಕ್ಕೆ ಹೋಗುವುದು. ಸುಬ್ರಹ್ಮಣ್ಯದಿಂದ ಮೇಲಕ್ಕೆ ಹತ್ತುವುದು ಬಿಸಲೆಯ ಘಟ್ಟ. ಈ ಏರುದಾರಿಗಳ ನೆತ್ತಿಯಲ್ಲಿ, ಸಕಲೇಶಪುರದ ಸಮೀಪದಲ್ಲಿ, ಟಿಪ್ಪೂ ಸುಲ್ತಾನನು ೧೭೯೨ರಲ್ಲಿ ಕಟ್ಟಿಸಿದ ಮಂಜರಾಬಾದಿನ ನಕ್ಷತ್ರಾಕಾರದ ಕೋಟೆಯು ನಿಂತಿದೆ. ಇಂದಿನ ಹೆದ್ದಾರಿಯೇ ಆಗಿನ ಸೈನ್ಯಗಳ ದಾರಿಯೆಂದು ಹೇಳುವುದು ನನ್ನ ಅಭಿಪ್ರಾಯವಲ್ಲ. ನೆಲವೂ ಮಳೆಯೂ ಏರೂ ಮಾತ್ರ ಅಂದಿನವೇ. ೨೦೧೮ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು ಈ ದಾರಿಯು ಮುಚ್ಚಿಹೋದುದನ್ನು ವಾಚಕರು ಮರೆತಿರಲಾರರು. ಯಂತ್ರಬಲವುಳ್ಳ ಈ ಕಾಲದಲ್ಲಿಯೇ ಹೀಗಾದರೆ, ಕಬ್ಬಿಣದ ಫಿರಂಗಿಗಳನ್ನು ಎತ್ತುಗಳಿಂದ ಎಳೆಸುತ್ತಿದ್ದ ಕಾಲದಲ್ಲಿ ಹೇಗಿದ್ದಿರಬೇಕು!

ಮೊದಲು ನಮ್ಮ ಪ್ರಾಚೀನರ ಮಾತನ್ನು ನೋಡೋಣ. ಗಾಲಿ ಹೂತ ಪ್ರಸಂಗವೆಂದೊಡನೆ ನೆನಪಾಗುವುದು ಕರ್ಣಪರ್ವ. ಅಲ್ಲಿ ಭೂಮಿಯು ಕರ್ಣನ ರಥದ ಎಡಗಾಲಿಯನ್ನು ನುಂಗುವುದು. ಕರ್ಣನು ಇಳಿದು ಎರಡು ಕೈಗಳಿಂದಲೂ ಎತ್ತಲು, ಗಿರಿವನಗಳೊಡನೆ ಭೂಮಿಯೇ ನಾಲ್ಕಂಗುಲ ಮೇಲೆದ್ದಿತಲ್ಲದೆ ಗಾಲಿಯು ಬಿಡಲಿಲ್ಲ. ಇದನ್ನು ಶಾಪದ ಫಲವೆಂದು ವ್ಯಾಖ್ಯಾನಿಸುವುದು ರೂಢಿ. ಅದು ಯುಕ್ತವೂ ಹೌದು. ಆದರೆ ಯುದ್ಧದ ದೃಷ್ಟಿಯಿಂದ ಮತ್ತೊಂದು ಅಂಶವನ್ನು ಗಮನಿಸಬೇಕು. ರಥಿಕನೇ ಧನುಸ್ಸನ್ನು ಬಿಟ್ಟು ಗಾಲಿಗೆ ಕೈಹಾಕಬೇಕಾಯಿತು. ಅವನ ನೆರವಿಗೆ ಯಾರೂ ಬರಲಿಲ್ಲ. ಗಾಲಿಯನ್ನೆತ್ತುವವನೂ ಬಾಣವನ್ನು ಬಿಡುವವನೂ ಒಬ್ಬನೇ ಆದಲ್ಲಿ ಸೋಲು ತಪ್ಪದು. ಇದಕ್ಕೆ ಪ್ರತಿಯಾದ ದೃಷ್ಟಾಂತವು ಕೈಕೇಯಿಯದು. ದಶರಥನ ರಥದ ಅಚ್ಚಿನ ಕೀಲು ಕಳಚಿದಾಗ ಆಕೆಯು ಆ ರಂಧ್ರದಲ್ಲಿ ತನ್ನ ಕೈಯನ್ನೇ ಇಟ್ಟು ರಥವನ್ನು ನಿಲ್ಲಿಸಿದಳೆಂಬ ಕಥೆಯು ಅಧ್ಯಾತ್ಮರಾಮಾಯಣದಲ್ಲಿದೆ. ವಾಲ್ಮೀಕಿಯಲ್ಲಿ ಇದಿಲ್ಲ, ಅಲ್ಲಿ ಆಕೆಯು ಮೂರ್ಛೆಹೋದ ರಾಜನನ್ನು ರಣದಿಂದ ಹೊರಕ್ಕೆ ಒಯ್ಯುವಳು. ಎರಡೂ ಪಾಠಗಳಲ್ಲಿ ವರಗಳಿಗೆ ಕಾರಣವಾದುದು ರಣರಂಗದ ಉದ್ಧರಣಕಾರ್ಯವೇ. ಒಂದರಲ್ಲಿ ವಾಹನ, ಮತ್ತೊಂದರಲ್ಲಿ ರಥಿಕ.

ಕಾವ್ಯದಲ್ಲಿ ಹೀಗಿದ್ದರೆ ಶಾಸ್ತ್ರದಲ್ಲಿ ಈ ಕೆಲಸಕ್ಕೆ ಪ್ರತ್ಯೇಕ ವರ್ಗವೇ ಉಂಟು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ದೊರೆತು, ೧೯೦೯ರಲ್ಲಿ ಆರ್. ಶಾಮಾಶಾಸ್ತ್ರಿಗಳಿಂದ ಪ್ರಕಟವಾದ ಕೌಟಿಲೀಯ ಅರ್ಥಶಾಸ್ತ್ರದ ಹತ್ತನೆಯ ಅಧಿಕರಣದಲ್ಲಿ, ಪದಾತಿ, ಅಶ್ವ, ರಥ, ಗಜಗಳ ಕರ್ಮಗಳನ್ನು ಹೇಳಿದ ಮೇಲೆ, ವಿಷ್ಟಿಯ ಕರ್ಮಗಳನ್ನೂ ಹೇಳಿದೆ. ಪಾಳೆಯ, ದಾರಿ, ಸೇತುವೆ, ಬಾವಿ, ತೀರ್ಥಗಳನ್ನು ಸರಿಪಡಿಸುವುದು. ಯಂತ್ರ, ಆಯುಧ, ಕವಚ, ಉಪಕರಣ, ಮೇವುಗಳನ್ನು ಹೊರುವುದು. ರಣಭೂಮಿಯಿಂದ ಆಯುಧಗಳನ್ನೂ ಕವಚಗಳನ್ನೂ ಗಾಯಗೊಂಡವರನ್ನೂ ತೆಗೆದುತರುವುದು. ವಿಷ್ಟಿಯೆಂದರೆ ಬಿಟ್ಟಿ ಎಂದು ಕಡೆಗಣಿಸುವುದು ಸಲ್ಲದು. ಈ ವರ್ಗವಿಲ್ಲದ ಚತುರಂಗವು ನಡೆಯಲಾರದೆಂಬುದು ಕೌಟಿಲ್ಯನ ಆಶಯವೆಂದು ತೋರುತ್ತದೆ.

ಇನ್ನು ಕನ್ನಡನಾಡಿನ ಚರಿತ್ರೆಗೆ ಬರೋಣ. ಚಿಕ್ಕದೇವರಾಜ ಒಡೆಯರು (೧೬೭೨–೧೭೦೪) 'ಬೆಣ್ಣೆಚಾವಡಿ' ಎಂಬ ಹೆಸರಿನಿಂದ ಅರಮನೆಯ ಗೋವುಗಳಿಗಾಗಿ ಒಂದು ಇಲಾಖೆಯನ್ನು ಏರ್ಪಡಿಸಿ, ಹಲವೆಡೆ ಕಾವಲುಗಳನ್ನು ಬಿಡಿಸಿದರು. ಹೈದರಾಲಿಯು ಚಿತ್ರದುರ್ಗ, ಹಾಗಲವಾಡಿಗಳ ಪಾಳೆಯಗಾರರ ಮಂದೆಗಳನ್ನೂ ಸೇರಿಸಿಕೊಂಡು, ಹಾಲುಬೆಣ್ಣೆಗಾಗಿದ್ದ ಈ ಸಂಪತ್ತನ್ನು ಫಿರಂಗಿಗಳನ್ನೆಳೆಯುವ ಕೆಲಸಕ್ಕೆ ತಿರುಗಿಸಿದನು. ಟಿಪ್ಪುವು ಇದಕ್ಕೆ 'ಅಮೃತಮಹಲ್' ಎಂದು ಹೆಸರಿಟ್ಟು, ಪಾಲನೆಗಾಗಿ ಹುಕುಂನಾಮೆಯನ್ನೂ ಹೊರಡಿಸಿದನು. ಈ ಎತ್ತುಗಳ ವಿಷಯವಾಗಿ ರೈಸರ ಮೈಸೂರು ಗೆಜೆಟಿಯರಿನಲ್ಲಿ ಹೇಳಿರುವ ಸಂಗತಿಗಳು ಗಮನಾರ್ಹ: ಚಿದಂಬರದ ನೆರವಿಗಾಗಿ ಹೈದರನು ಎರಡೂವರೆ ದಿನಗಳಲ್ಲಿ ೧೦೦ ಮೈಲಿ ನಡೆದನು, ಟಿಪ್ಪುವು ಜನರಲ್ ಮೆಡೋಸನ ಎದುರಿನಲ್ಲಿ ಎರಡು ದಿನಗಳಲ್ಲಿ ೬೩ ಮೈಲಿ ಸಾಗಿದನು. ಇವೆರಡಕ್ಕಿಂತಲೂ ನಮಗೆ ಮುಖ್ಯವಾದುದು ಮೂರನೆಯ ಮಾತು: ಸೋತ ಯುದ್ಧಗಳ ತರುವಾಯವೂ ಹೈದರನು ಶತ್ರುವಿನ ಕಣ್ಣೆದುರಿಗೇ ತನ್ನ ಫಿರಂಗಿಗಳನ್ನು ಎಳೆಸಿಕೊಂಡು ಹೋಗುತ್ತಿದ್ದನು. ರಣವನ್ನು ಕಳೆದುಕೊಂಡರೂ ಫಿರಂಗಿಯನ್ನು ಕಳೆದುಕೊಳ್ಳದವನು ಮರುದಿನವೂ ಯುದ್ಧಮಾಡಬಲ್ಲನು. ಹೈದರನ ಸೋಲುಗಳು ಅವನನ್ನು ಮುಗಿಸದೆ ಹೋದುದಕ್ಕೆ ಇದೊಂದು ಕಾರಣ.

ಹೂತ ಫಿರಂಗಿಯನ್ನು ಎತ್ತುವ ಕ್ರಮವನ್ನು ಸ್ವಲ್ಪ ವಿವರಿಸುವುದು ಅವಶ್ಯ. ಕೋಟೆಯನ್ನೊಡೆಯುವ ೨೪ ಪೌಂಡಿನ ಕಬ್ಬಿಣದ ಫಿರಂಗಿಯ ಕೊಳವೆಯೊಂದೇ ಸುಮಾರು ಎರಡೂವರೆ ಟನ್ ತೂಕವಿರುತ್ತಿತ್ತು. ಗಾಲಿಯು ಗುಂಬದವರೆಗೆ ಇಳಿದರೆ ಎತ್ತುಗಳನ್ನು ಹೊಡೆದು ಪ್ರಯೋಜನವಿಲ್ಲ. ಎಳೆತವು ಗಾಲಿಯನ್ನು ಮೇಲಕ್ಕೆ ತರದೆ ಮುಂದಿನ ಮಣ್ಣಿಗೆ ಒತ್ತುವುದು. ಆದುದರಿಂದ ಗಾಲಿಯ ಮುಂದೆ ಇಳಿಜಾರಾಗಿ ಅಗೆದು, ಕಲ್ಲನ್ನೂ ಸೊಪ್ಪುಸದೆಯನ್ನೂ ತುಂಬಿ, ಅಚ್ಚಿನ ಕೆಳಗೆ ಮರದ ಸನ್ನೆಗೋಲನ್ನು ಕೊಟ್ಟು ಮೀಟಬೇಕು. ಮುಂದೆ ಹೆಚ್ಚಿನ ಜೋಡಿಗಳನ್ನು ಹೂಡಬೇಕು. ಆಳುಗಳು ಹಗ್ಗ ಹಿಡಿದು ಒಂದೇ ಉಸಿರಿನಲ್ಲಿ ಎಳೆಯಬೇಕು. ಹಿಂದಿನಿಂದ ಆನೆಯು ಹಣೆಯೊಡ್ಡಿ ನೂಕಬೇಕು. ಏರಿನಲ್ಲಿ ಗಾಡಿಯು ಹಿಂಜರಿಯದಂತೆ ಹೆಜ್ಜೆಹೆಜ್ಜೆಗೂ ಗಾಲಿಗೆ ಕಲ್ಲು ಕೊಡಬೇಕು. ಇಷ್ಟಕ್ಕೂ ಬಾರದಿದ್ದರೆ ಕೊಳವೆಯನ್ನು ಗಾಡಿಯಿಂದ ಇಳಿಸಿ ಬೇರೆಯಾಗಿ ಸಾಗಿಸಬೇಕು. ಕಡುಕಡಿದಾದ ಘಟ್ಟಗಳಲ್ಲಿ ಮರಗಳಿಗೆ ರಾಟೆಗಳನ್ನು ಬಿಗಿದು ಹಗ್ಗದಿಂದ ಮೇಲೆಳೆಯುವುದುಂಟು. ಮಲೆಯಾಳದ ಕಡೆಯಿಂದ ಕೊಡಗಿಗೆ ಹತ್ತಿದ ಜನರಲ್ ಆಬರ್ಕ್ರಾಂಬಿಯ ಸೈನ್ಯವು ಹೀಗೆಯೇ ಮಾಡಿತು. ಯಾವ ಉಪಾಯವೂ ನಡೆಯದಿದ್ದಲ್ಲಿ ಕೊನೆಯ ಕರ್ಮವೊಂದೇ: ಫಿರಂಗಿಯ ಕಿವಿಗೆ ಮೊಳೆ ಹೊಡೆಯುವುದು, ಇಲ್ಲವೆ ಅದನ್ನು ಒಡೆದು ಹೂಳುವುದು.

ಈ ಕೊನೆಯ ಕರ್ಮವೇ ೧೭೯೧ರ ಮೇ ತಿಂಗಳಿನಲ್ಲಿ ಲಾರ್ಡ್ ಕಾರ್ನ್‌ವಾಲಿಸನಿಗೆ ಒದಗಿತು. ಆ ವರ್ಷದ ಮಾರ್ಚಿಯಲ್ಲಿ ಬೆಂಗಳೂರನ್ನು ಹಿಡಿದು, ಮೇ ೧೫ರಂದು ಶ್ರೀರಂಗಪಟ್ಟಣದ ಬಳಿಯ ಅರಕೆರೆಯ ಯುದ್ಧದಲ್ಲಿ ಗೆದ್ದವನು ಆತನೇ. ಆದರೆ ಮೇವಿಲ್ಲದೆಯೂ ರೋಗದಿಂದಲೂ ಮಳೆಯಿಂದಲೂ ಅವನ ಎತ್ತುಗಳು ರಾಶಿರಾಶಿಯಾಗಿ ಸತ್ತವು. ಅರಕೆರೆಯಿಂದ ಕನ್ನಂಬಾಡಿಯವರೆಗೆ ಕೋಟೆಯೊಡೆಯುವ ಫಿರಂಗಿಗಳನ್ನು ಸಿಪಾಯಿಗಳೇ ಎಳೆಯಬೇಕಾಯಿತು. ಅಲ್ಲಿಂದ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಗೆದ್ದ ಸೇನಾಪತಿಯು ತನ್ನ ಕೈಯಾರೆ ತನ್ನ ದೊಡ್ಡ ಫಿರಂಗಿಗಳನ್ನು ನಾಶಮಾಡಿಸಿ, ಪಶ್ಚಿಮದಿಂದ ಬಂದಿದ್ದ ಆಬರ್ಕ್ರಾಂಬಿಗೂ ಮರಳುವಂತೆ ಆಜ್ಞೆಯನ್ನು ಕಳುಹಿಸಿ, ಬೆಂಗಳೂರಿನ ಕಡೆಗೆ ಹಿಂತಿರುಗಿದನು. ಹಾಗೆ ಹೊರಟ ದಿನವೇ ಮೇಲುಕೋಟೆಯ ಸಮೀಪದಲ್ಲಿ ಮರಾಠರ ಸೈನ್ಯವು, ಹರಿಪಂತನೂ ಪರಶುರಾಮಭಾವುವೂ, ಧಾನ್ಯದೊಡನೆ ಬಂದು ಕೂಡಿಕೊಂಡರು. ಆದರೆ ಒಡೆದ ಫಿರಂಗಿಯು ಧಾನ್ಯದಿಂದ ಕೂಡಿಕೊಳ್ಳುವುದಿಲ್ಲ.

ಈ ಹಿಮ್ಮೆಟ್ಟುವಿಕೆಗೆ ಮಳೆಯೇ ಕಾರಣವೆಂದು ಪಾಠಪುಸ್ತಕಗಳು ಹೇಳುವುದುಂಟು. ಮಳೆಯು ಇಬ್ಬರ ಮೇಲೂ ಸುರಿಯಿತು. ಟಿಪ್ಪುವು ೧೭೮೩ರ ಮಳೆಗಾಲವನ್ನೆಲ್ಲ ಮಂಗಳೂರಿನ ಮುತ್ತಿಗೆಯಲ್ಲಿಯೇ ಕಳೆದು ೧೭೮೪ರ ಜನವರಿಯಲ್ಲಿ ಅದನ್ನು ಪಡೆದನೆಂಬುದನ್ನು ನೆನೆದರೆ, ಮಳೆಯೊಂದೇ ಸೈನ್ಯವನ್ನು ಸೋಲಿಸುವುದಿಲ್ಲವೆಂದು ತಿಳಿಯುವುದು. ವ್ಯತ್ಯಾಸವಿದ್ದುದು ಎಳೆಯುವ ಬಲದಲ್ಲಿ. ಕಾರ್ನ್‌ವಾಲಿಸನು ಈ ಪಾಠವನ್ನು ಕಲಿತನು. ಲಂಬಾಣಿಗಳಿಂದ ಧಾನ್ಯವನ್ನೂ ಎತ್ತುಗಳನ್ನೂ ಒದಗಿಸಿಕೊಂಡು, ಕಾಡನ್ನು ಕಡಿಸಿ ದಾರಿಮಾಡಿ ಫಿರಂಗಿಗಳನ್ನು ಸಾವನದುರ್ಗದ ಬುಡಕ್ಕೆ ತರಿಸಿ ಡಿಸೆಂಬರ್ ೨೧ರಂದು ಅದನ್ನು ಹಿಡಿದನು. ೧೭೯೨ರ ಮಾರ್ಚಿಯ ಸಂಧಿಯಿಂದ ಟಿಪ್ಪುವಿನ ಅರ್ಧರಾಜ್ಯವು ಹೋಯಿತು. ಟಿಪ್ಪುವು ಮಂಜರಾಬಾದಿನ ಕೋಟೆಯನ್ನು ಕಟ್ಟಿಸಿದ ವರ್ಷವೂ ಅದೇ. ಉಳಿದ ರಾಜ್ಯಕ್ಕೆ ಮಂಗಳೂರಿನ ದಾರಿಯು ಎಷ್ಟು ಬೆಲೆಯುಳ್ಳದ್ದಾಗಿತ್ತೆಂಬುದಕ್ಕೆ ಆ ಕೋಟೆಯೇ ಸಾಕ್ಷಿ.

೧೭೯೯ರ ತರುವಾಯ ಇದೇ ಬಲಂ ಸೀಮೆಯಲ್ಲಿ ಐಗೂರಿನ ಕೃಷ್ಣಪ್ಪನಾಯಕನು ಇಂಗ್ಲಿಷರನ್ನು ಎದುರಿಸಿ ಘಟ್ಟದ ಸಂಚಾರವನ್ನು ತಡೆದನು. ಆರ್ಥರ್ ವೆಲ್ಲೆಸ್ಲಿಯು ೧೮೦೨ರ ಜನವರಿಯಲ್ಲಿ ಅವನ ಅರಕೆರೆಯ ನೆಲೆಯನ್ನು (ಇದು ಶ್ರೀರಂಗಪಟ್ಟಣದ ಅರಕೆರೆಯಲ್ಲ) ಹಿಡಿದ ಮೇಲೆ ಮೊದಲು ಮಾಡಿಸಿದ ಕೆಲಸಗಳಲ್ಲಿ ಕಾಡಿನ ನಡುವೆ ದಾರಿ ಕಡಿಸುವುದೂ ಒಂದು. ಅಮೃತಮಹಲಿನ ಎತ್ತುಗಳ ಬೆಲೆಯನ್ನು ಆತನು ಚೆನ್ನಾಗಿ ಅರಿತಿದ್ದನು. ಮುಂದೆ ಸ್ಪೇನ್ ಪೋರ್ಚುಗಲ್‌ಗಳ ಯುದ್ಧದಲ್ಲಿ ಅವು ತನಗಿಲ್ಲವಲ್ಲಾ ಎಂದು ಹಲವು ಬಾರಿ ಹಲುಬಿದನು. ಆ ಇಲಾಖೆಯು ೧೮೬೦ರಲ್ಲಿ ಮಿತವ್ಯಯದ ಹೆಸರಿನಲ್ಲಿ ರದ್ದಾಗಿ, ೧೮೬೬ರಲ್ಲಿ ಪುನಃ ಸ್ಥಾಪಿತವಾಯಿತು. ತಳಿಯು ಈಗಲೂ ಅಜ್ಜಂಪುರದಲ್ಲಿ ಉಳಿದುಬಂದಿದೆ.

ಇಂದು ಎತ್ತಿನ ಸ್ಥಾನದಲ್ಲಿ ಯಂತ್ರವು ನಿಂತಿದೆ. ೧೯೪೩ರ ಅಕ್ಟೋಬರ್ ೧೫ರಂದು ಹುಟ್ಟಿದ ಭಾರತೀಯ ಸೈನ್ಯದ ಯಂತ್ರಶಿಲ್ಪದ ದಳಕ್ಕೆ ಕೆಟ್ಟುನಿಂತ ವಾಹನಗಳನ್ನು ರಣದಿಂದ ಎಳೆದುತರುವುದು ಒಂದು ಮುಖ್ಯ ಕರ್ತವ್ಯ. ಹೂತ ಟ್ಯಾಂಕನ್ನು ಎಳೆಯುವ ಕವಚಯುಕ್ತ ವಾಹನಗಳನ್ನು ನಮ್ಮ ಕೋಲಾರದ ಚಿನ್ನದ ಗಣಿಯ ಊರಿನಲ್ಲಿಯೇ ತಯಾರಿಸಿರುವರು. ರಾಟೆಯು ಉಕ್ಕಿನದಾಯಿತು, ಹಗ್ಗವು ತಂತಿಯದಾಯಿತು. ಅಗೆ, ತುಂಬು, ಮೀಟು, ಎಳೆ ಎಂಬ ನಾಲ್ಕು ಮಾತುಗಳು ಮಾತ್ರ ಬದಲಾಗಲಿಲ್ಲ.

ಕಡೆಯದಾಗಿ ಸಾಹಿತ್ಯದ ಉಪಾಧ್ಯಾಯರಲ್ಲಿ ಒಂದು ಬಿನ್ನಹ. ಸಂಸ್ಕೃತದ ಅಕ್ಷ, ನಾಭಿ, ನೇಮಿ, ಅರ, ಯುಗ, ಆಣಿಗಳಿಗೆ ಕನ್ನಡದಲ್ಲಿ ಅಚ್ಚು, ಗುಂಬ, ಪಟ್ಟೆ, ಅರೆ, ನೊಗ, ಕಡಾಣಿ ಎಂಬ ಮಾತುಗಳುಂಟು. ಗಾಡಿಯು ಹೋದಂತೆ ಇವೂ ಹೋಗುತ್ತಿವೆ. ಕಡಾಣಿಯೆಂದರೇನೆಂದು ಅರಿಯದ ವಿದ್ಯಾರ್ಥಿಗೆ ಕೈಕೇಯಿಯ ಸಾಹಸವೂ ತಿಳಿಯದು, ಕನ್ನಂಬಾಡಿಯ ಅನಾಹುತವೂ ತಿಳಿಯದು. ಗುಂಡ್ಯ, ಶಿರಾಡಿ, ಸುಬ್ರಹ್ಮಣ್ಯಗಳ ಕಡೆಯಲ್ಲಿ ಘಟ್ಟಕ್ಕೆ ಗಾಡಿ ಹತ್ತಿಸುವುದನ್ನು ಕಂಡು ಕೇಳಿದ ವೃದ್ಧರು ಉಳಿದಿರುವಾಗಲೇ, ಈ ಮಾತುಗಳನ್ನೂ ತುಳುವಿನಲ್ಲಿ ಇವಕ್ಕಿರುವ ಹೆಸರುಗಳನ್ನೂ ಬರೆದಿಟ್ಟುಕೊಂಡರೆ, ಅದೂ ಒಂದು ಉದ್ಧರಣಕಾರ್ಯವೇ ಆಗುವುದು.