ದಂತ ಇಂಪ್ಲಾಂಟ್ ಸಾಮಗ್ರಿಗಳು

ಉದುರಿದ ಹಲ್ಲಿನ ಬೇರಿಗೆ ಬದಲಾಗಿ ದವಡೆಯ ಮೂಳೆಯಲ್ಲಿ ಕೂರಿಸುವ ತಿರುಪಿಗೆ ಬಳಸುವ ಲೋಹ ಮತ್ತು ಸೆರಾಮಿಕ್‌ಗಳು. ಇವುಗಳಲ್ಲಿ ಟೈಟಾನಿಯಂ ಪ್ರಧಾನ. 1952ರಲ್ಲಿ ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್, ರಕ್ತಸಂಚಾರ ಗಮನಿಸಲೆಂದು ಮೊಲದ ಕಾಲಿನ ಮೂಳೆಯಲ್ಲಿಟ್ಟ ಟೈಟಾನಿಯಂ ಸಾಧನವನ್ನು ತೆಗೆಯಹೋದಾಗ ಅದು ಮೂಳೆಗೆ ಬೆಸೆದುಕೊಂಡಿತ್ತು. 1965ರಲ್ಲಿ ಅವರು ಮೊದಲ ರೋಗಿಗೆ ಟೈಟಾನಿಯಂ ಇಂಪ್ಲಾಂಟ್ ಅಳವಡಿಸಿದರು. ಗಾಳಿ ತಾಗಿದೊಡನೆ ಟೈಟಾನಿಯಂ ಮೇಲೆ ಮೂಡುವ ತೆಳು ಆಕ್ಸೈಡ್ ಪದರ ತುಕ್ಕು ಹಿಡಿಯಗೊಡುವುದಿಲ್ಲ. ಮೂಳೆಯೂ ಅದನ್ನು ಒಪ್ಪಿಕೊಳ್ಳುತ್ತದೆ. ಶುದ್ಧ ಟೈಟಾನಿಯಂಗಿಂತ ಹೆಚ್ಚು ಗಟ್ಟಿತನ ಬೇಕಾದಾಗ ಸುಮಾರು 6% ಅಲ್ಯೂಮಿನಿಯಂ, 4% ವನೇಡಿಯಂ ಬೆರೆತ ಮಿಶ್ರಲೋಹವನ್ನೂ, ಕಿರಿದಾದ ಜಾಗಕ್ಕೆ ಟೈಟಾನಿಯಂ-ಜಿರ್ಕೋನಿಯಂ ಮಿಶ್ರಲೋಹವನ್ನೂ ಬಳಸುವುದುಂಟು.

ಜಿರ್ಕೋನಿಯಾ ಬಿಳಿಯ ಸೆರಾಮಿಕ್. ಒಸಡು ತೆಳುವಾಗಿದ್ದರೆ ಲೋಹದ ಬೂದುಬಣ್ಣ ಹೊರಗೆ ಕಾಣಬಹುದು. ಮುಂದಿನ ಹಲ್ಲುಗಳಿಗೆ ಜಿರ್ಕೋನಿಯಾ ಒಪ್ಪುವುದು ಇದರಿಂದಲೇ. ಲೋಹ ಬೇಡವೆನ್ನುವವರಿಗೂ ಇದು ದಾರಿ, ಆದರೂ ಟೈಟಾನಿಯಂ ಅಲರ್ಜಿ ಬಲು ಅಪರೂಪ. ಜಿರ್ಕೋನಿಯಾ ಬಾಗದೆ ಮುರಿಯುವ ವಸ್ತು; ಒಂದೇ ತುಂಡಿನದಾದರೆ ಓರೆಯಾಗಿ ಕೂತದ್ದನ್ನು ಸರಿಪಡಿಸುವುದು ಕಷ್ಟ. ದೀರ್ಘಕಾಲದ ಅನುಭವವೂ ಟೈಟಾನಿಯಂನಷ್ಟಿಲ್ಲ. ದವಡೆ ಹಲ್ಲಿಗೆ, ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ಟೈಟಾನಿಯಮ್ಮೇ ಸಾಮಾನ್ಯ ಆಯ್ಕೆ. ಧೂಮಪಾನ, ಹತೋಟಿ ತಪ್ಪಿದ ಮಧುಮೇಹ ಇದ್ದರೆ ಯಾವ ಸಾಮಗ್ರಿಯಾದರೂ ಸೋಲುವ ಸಂಭವ ಹೆಚ್ಚು. ಇಂಪ್ಲಾಂಟಿನ ಕಂಪನಿ, ಅಳತೆ, ಬ್ಯಾಚ್ ಸಂಖ್ಯೆಗಳನ್ನು ವೈದ್ಯರಿಂದ ಬರೆಸಿ ಇಟ್ಟುಕೊಳ್ಳಬೇಕು. ಮುಂದೆ ದುರಸ್ತಿಗೆ ಹೊಂದುವ ಬಿಡಿಭಾಗ ಹುಡುಕಲು ಅವು ಬೇಕಾಗುತ್ತವೆ.