ಗಂಜಿಯ ಹೊತ್ತು, ಕಾರ್ಖಾನೆಯ ಹೊತ್ತು

1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಅದಕ್ಕೂ ಮೊದಲು ಕರಾವಳಿಯ ಬಹುಪಾಲು ಜನರ ಊಟಕ್ಕೆ ಬಿಸಿಲೇ ಗಡಿಯಾರ. ಗದ್ದೆಯಲ್ಲಿ ದುಡಿದು ಬಂದವರು ಕುಚ್ಚಲಕ್ಕಿ ಗಂಜಿಯನ್ನು ಉಪ್ಪಿನಕಾಯಿಯೊಂದಿಗೋ ಒಣಮೀನಿನ ಚಟ್ನಿಯೊಂದಿಗೋ ಉಣ್ಣುತ್ತಿದ್ದರು. ಕಾರ್ಖಾನೆ, ಕಚೇರಿ, ವಿದ್ಯುದ್ದೀಪ ಒಂದೊಂದಾಗಿ ಬಂದಂತೆ ರಾತ್ರಿಯೂಟ ತಡವಾಗತೊಡಗಿತು.

ಮಧುಮೇಹಿಗೆ ಇದು ಸಣ್ಣ ಬದಲಾವಣೆಯಲ್ಲ. ಸಂಜೆ ಕಳೆದಂತೆ ಸಕ್ಕರೆಯನ್ನು ನಿಭಾಯಿಸುವ ದೇಹದ ಶಕ್ತಿ ಕುಗ್ಗುತ್ತದೆ. ಬೆಳಿಗ್ಗೆ ಉಂಡಷ್ಟೇ ಅನ್ನ ರಾತ್ರಿ ರಕ್ತದ ಸಕ್ಕರೆಯನ್ನು ಹೆಚ್ಚು ಏರಿಸುತ್ತದೆ. ಮಂಗಳೂರಿಗೆ ಹತ್ತಿರದ ಮೂಡುಬಿದಿರೆಯ ಜೈನರು ಸೂರ್ಯಾಸ್ತಕ್ಕೆ ಮೊದಲೇ ಉಣ್ಣುವ ವ್ರತವನ್ನು ಶತಮಾನಗಳಿಂದ ಪಾಲಿಸಿದ್ದು ಅಹಿಂಸೆಗಾಗಿ. ಆದರೂ ಇಂದಿನ ಸಂಶೋಧನೆ ಅದೇ ಹೊತ್ತಿನ ಕಡೆ ಕೈತೋರಿಸುತ್ತಿರುವುದು ಗಮನಾರ್ಹ.

1922ರಲ್ಲಿ ಟೊರಾಂಟೊದಲ್ಲಿ ಮೊದಲ ಇನ್ಸುಲಿನ್ ಚುಚ್ಚುಮದ್ದು ಕೊಟ್ಟ ಮೇಲೆ ಊಟಕ್ಕೂ ಮದ್ದಿಗೂ ನಂಟು ಬಿಗಿಯಾಯಿತು. ಇನ್ಸುಲಿನ್ ತೆಗೆದುಕೊಂಡು ಊಟ ತಪ್ಪಿಸಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಕೆಲವು ಮಾತ್ರೆಗಳಿಗೂ ಈ ಮಾತು ಸಲ್ಲುತ್ತದೆ.

ಮಂಗಳೂರಿನ ಬ್ಯಾರಿ ಮನೆಗಳಲ್ಲಿ ರಂಜಾನ್ ತಿಂಗಳು ಈ ನಂಟನ್ನು ಪ್ರತಿವರ್ಷ ಪರೀಕ್ಷೆಗೆ ಒಡ್ಡುತ್ತದೆ. ಊಟ ಮುಂಜಾವದ ಸಹರಿಗೂ ಸಂಜೆಯ ಇಫ್ತಾರಿಗೂ ಹಂಚಿಹೋಗುವುದರಿಂದ, ಉಪವಾಸ ಹಿಡಿಯಲು ಬಯಸುವ ಮಧುಮೇಹಿಗಳು ತಿಂಗಳು ಹುಟ್ಟುವ ಮೊದಲೇ ವೈದ್ಯರನ್ನು ಕಂಡು ಮದ್ದಿನ ಅಳತೆಯನ್ನೂ ಹೊತ್ತನ್ನೂ ಬದಲಿಸಿಕೊಳ್ಳಬೇಕು. ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಉಪವಾಸವನ್ನು ಆಗಲೇ ಮುರಿಯಬೇಕು.